ಮೊದಲು ಚಾಸಿ, ಆಮೇಲೆ ಕಂಪ್ಯೂಟರ್

ಪಿಎಕ್ಸ್‌ಐ ಕಾರ್ಡುಗಳನ್ನು, ಅಂದರೆ ಚಾಸಿ ಎಂಬ ಪೆಟ್ಟಿಗೆಯ ಸ್ಲಾಟುಗಳಲ್ಲಿ ಕೂರಿಸುವ ಅಳತೆಯ ಉಪಕರಣಗಳನ್ನು, ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರಿನಿಂದ ನಡೆಸಲು ಹೊರಟವರಿಂದ ನನಗೆ ಬರುವ ದೂರು ಬಹುಮಟ್ಟಿಗೆ ಒಂದೇ: "ಸರ್, ನಿನ್ನೆ ಚೆನ್ನಾಗಿತ್ತು, ಇವತ್ತು ಕಾರ್ಡೇ ಕಾಣುತ್ತಿಲ್ಲ." ನನ್ನ ಮರುಪ್ರಶ್ನೆಯೂ ಒಂದೇ: "ಬೆಳಿಗ್ಗೆ ಯಾವುದನ್ನು ಮೊದಲು ಆನ್ ಮಾಡಿದಿರಿ?" ಲಕ್ಷಗಟ್ಟಲೆ ಬೆಲೆಯ ಉಪಕರಣದ ವಿಚಾರ ಕೇಳಿದರೆ ಈತ ಸ್ವಿಚ್ಚಿನ ಮಾತಾಡುತ್ತಾನಲ್ಲ ಎಂದು ಆ ಕಡೆಯವರಿಗೆ ತುಸು ಬೇಸರವಾಗುವುದೂ ಉಂಟು.

ಚಾಸಿಯೊಳಗೇ ಕಂಟ್ರೋಲರ್, ಅಂದರೆ ಕಾರ್ಡುಗಳನ್ನು ನಡೆಸುವ ಕಂಪ್ಯೂಟರ್, ಇದ್ದರೆ ಈ ತೊಂದರೆ ಹುಟ್ಟುವುದಿಲ್ಲ. ಅದು ದುಬಾರಿಯೆಂದೂ, ಮೇಜಿನ ಮೇಲೆ ಒಳ್ಳೆಯ ಕಂಪ್ಯೂಟರ್ ಆಗಲೇ ಇದೆಯೆಂದೂ ಯೋಚಿಸಿ ಅನೇಕರು ಕಂಪ್ಯೂಟರಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಒಂದು ಕಾರ್ಡನ್ನೂ ಚಾಸಿಯ ಮೊದಲ ಸ್ಲಾಟಿಗೆ ಇನ್ನೊಂದನ್ನೂ ಹಾಕಿ ನಡುವೆ ಕೇಬಲ್ ಎಳೆಯುತ್ತಾರೆ. ಏರ್ಪಾಡು ಸರಿಯಾದದ್ದೇ, ನಾನೂ ಎಷ್ಟೋ ಕಡೆ ಇದನ್ನೇ ಸೂಚಿಸಿದ್ದೇನೆ. ಆದರೆ ಕೇಬಲ್ ಕಂಡವರ ಮನಸ್ಸಿಗೆ ತಟ್ಟನೆ, ಯಾವಾಗ ಬೇಕಾದರೂ ಸಿಕ್ಕಿಸಬಹುದಾದ ಯುಎಸ್‌ಬಿ ಬರುತ್ತದೆ, ಎಡವಟ್ಟು ಅಲ್ಲಿಂದಲೇ ಶುರುವಾಗುತ್ತದೆ.

1997ರಲ್ಲಿ ಪಿಎಕ್ಸ್‌ಐ ಬಂದದ್ದೇ ಡೆಸ್ಕ್‌ಟಾಪಿನ ಪಿಸಿಐ ಬಸ್ಸನ್ನು, ಅಂದರೆ ಕಾರ್ಡುಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ದಾರಿಯನ್ನು, ಅಳತೆಯ ಉಪಕರಣಗಳಿಗೆ ಒದಗಿಸುವುದಕ್ಕಾಗಿ. ಆದ್ದರಿಂದ ಆ ಕೇಬಲಿನ ಆಚೆ ಇರುವ ಕಾರ್ಡುಗಳು ಕಂಪ್ಯೂಟರಿನ ಪಾಲಿಗೆ ಹೊರಗಿನ ಉಪಕರಣಗಳಲ್ಲ, ತನ್ನದೇ ಮದರ್‌ಬೋರ್ಡಿನಲ್ಲಿ ಕುಳಿತ ಕಾರ್ಡುಗಳು. ಕಂಪ್ಯೂಟರ್ ಆನ್ ಆದೊಡನೆ, ವಿಂಡೋಸ್ ಇನ್ನೂ ಏಳುವುದಕ್ಕೆ ಮೊದಲೇ, ಬಯಾಸ್ ಎಂಬ ಮದರ್‌ಬೋರ್ಡಿನ ಮೂಲ ತಂತ್ರಾಂಶ ಬಸ್ಸಿನುದ್ದಕ್ಕೂ ಯಾರ್ಯಾರಿದ್ದಾರೆಂದು ವಿಚಾರಿಸುತ್ತಾ ಹೋಗಿ, ಒಂದು ಬಸ್ಸನ್ನು ಇನ್ನೊಂದಕ್ಕೆ ಜೋಡಿಸುವ ಪ್ರತಿಯೊಂದು ಬ್ರಿಡ್ಜಿಗೆ ಬಸ್ ಸಂಖ್ಯೆಯನ್ನೂ ಪ್ರತಿಯೊಂದು ಕಾರ್ಡಿಗೆ ಮೆಮೊರಿಯಲ್ಲಿ ವಿಳಾಸವನ್ನೂ ಕೊಡುತ್ತದೆ. ಮದುವೆಮನೆಯ ಪಂಕ್ತಿಯಂತೆ, ಕುಳಿತವರಿಗಷ್ಟೇ ಎಲೆ. ತಡವಾಗಿ ಬಂದವರು ಮುಂದಿನ ಪಂಕ್ತಿಗೆ ಕಾಯಬೇಕು. ಇಲ್ಲಿ ಮುಂದಿನ ಪಂಕ್ತಿಯೆಂದರೆ ರೀಸ್ಟಾರ್ಟ್. ಡ್ರೈವರನ್ನು ಹತ್ತು ಸಲ ಹಾಕಿದರೂ, ಕಾರ್ಡನ್ನು ತೆಗೆದು ಒರೆಸಿ ಸಿಕ್ಕಿಸಿದರೂ, ಎಲೆ ಹಾಕದ ಜಾಗಕ್ಕೆ ಊಟ ಬರುವುದಿಲ್ಲ.

ಹೀಗಾಗಿ ಚಾಸಿಯನ್ನು ಮೊದಲು ಆನ್ ಮಾಡಿ, ಕೆಲವು ಸೆಕೆಂಡು ಬಿಟ್ಟು ಕಂಪ್ಯೂಟರನ್ನು ಆನ್ ಮಾಡಬೇಕು. ಆರಿಸುವಾಗ ಇದರ ತಿರುವುಮುರುವು: ಕಂಪ್ಯೂಟರ್ ಪೂರ್ತಿ ಶಟ್‌ಡೌನ್ ಆದ ಮೇಲೆಯೇ ಚಾಸಿ. ಕಂಪ್ಯೂಟರ್ ನಡೆಯುತ್ತಿರುವಾಗ ಚಾಸಿಯನ್ನು ಆರಿಸಿದರೆ ಕಂಪ್ಯೂಟರ್ ಅಲ್ಲೇ ಸ್ತಬ್ಧವಾಗಬಹುದು. ಸ್ಲೀಪ್ ಆಯ್ಕೆಯನ್ನು ತೆಗೆದಿಡುವುದು ಕ್ಷೇಮ. ಥಂಡರ್‌ಬೋಲ್ಟ್ ಎಂಬ ಇನ್ನೊಂದು ಬಗೆಯ ಕೇಬಲ್ ಮೂಲಕ ಜೋಡಿಸುವ ಚಾಸಿಗಳ ನಡವಳಿಕೆ ಬೇರೆ. ಅವುಗಳಿಗೆ ತಯಾರಕರ ಕೈಪಿಡಿಯನ್ನೇ ನಂಬಬೇಕು.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯವರು ಮೂರು ಕಾರ್ಡುಗಳನ್ನು ರಿಪೇರಿಗೆ ಕಳಿಸಿದ್ದರು. ಮೂರೂ "ದೋಷವಿಲ್ಲ" ಎಂಬ ಚೀಟಿಯೊಂದಿಗೆ ಮರಳಿದವು. ನಾನು ಹೋಗಿ ನೋಡಿದರೆ, ರಾತ್ರಿಯ ಕಾವಲಿನ ಅಜ್ಜ ಕರೆಂಟು ವ್ಯರ್ಥವಾಗಬಾರದೆಂದು ಫ್ಯಾನಿನ ಸದ್ದು ಕೇಳಿಸುತ್ತಿದ್ದ ಚಾಸಿಯನ್ನು ಆರಿಸಿ, ಸದ್ದಿಲ್ಲದ ಕಂಪ್ಯೂಟರನ್ನು ಹಾಗೆಯೇ ಬಿಡುತ್ತಿದ್ದರು. ಬೆಳಿಗ್ಗೆ ಬಂದ ಹುಡುಗ ಚಾಸಿಯನ್ನಷ್ಟೇ ಆನ್ ಮಾಡುತ್ತಿದ್ದ. ಯಜಮಾನರು ಅಜ್ಜನನ್ನು ಗದರಲು ಹೊರಟಾಗ ನಾನೇ ತಡೆದೆ. ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಎರಡು ಸ್ವಿಚ್ಚುಗಳ ಮೇಲೆ 1, 2 ಎಂದು ಬರೆದ ಕಾಗದ ಅಂಟಿಸಿ ಬಂದೆ.

ಕ್ರಮ ಸರಿಯಿದ್ದೂ ಕಾರ್ಡು ಕಾಣದಿದ್ದರೆ ಅನುಮಾನಿಸಬೇಕಾದದ್ದು ಮದರ್‌ಬೋರ್ಡಿನ ಬಯಾಸನ್ನು. ನಿಯಮದ ಪ್ರಕಾರ ಬಸ್ ಸಂಖ್ಯೆಗಳು ಒಟ್ಟು 256 ಸಿಗಬೇಕಾದರೂ, ಚಾಸಿಯೊಳಗೆ ಸಾಲಾಗಿ ಇಷ್ಟೊಂದು ಬ್ರಿಡ್ಜುಗಳಿರಬಹುದೆಂದು ಎಣಿಸದೆ ಬರೆದ ಬಯಾಸ್ ಅರ್ಧದಲ್ಲೇ ಎಣಿಕೆ ನಿಲ್ಲಿಸಬಹುದು. ಕೆಲವೊಮ್ಮೆ ಬಯಾಸ್ ಅಪ್‌ಡೇಟ್‌ನಿಂದ ಸರಿಹೋಗುತ್ತದೆ, ಕೆಲವೊಮ್ಮೆ ಕಂಪ್ಯೂಟರನ್ನೇ ಬದಲಿಸಬೇಕಾಗುತ್ತದೆ. ಯಂತ್ರವನ್ನು ನೋಡದೆ ಫೋನಿನಲ್ಲಿ ನಾನು ಇದಕ್ಕಿಂತ ಹೆಚ್ಚು ಹೇಳಲಾರೆ.