ಆಫೀಸು ಮೊದಲು, ಮೆಟ್ರೋ ಆಮೇಲೆ

ಬೆಂಗಳೂರಿನ ಔಟರ್ ರಿಂಗ್ ರೋಡ್ ಹುಟ್ಟಿದ್ದು ಲಾರಿಗಳಿಗಾಗಿ. ಅವು ಊರೊಳಗೆ ನುಗ್ಗದೆ ಸುತ್ತಿಕೊಂಡು ಹೋಗಲಿ ಅಂತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆ ರಸ್ತೆ ಮಾಡಿತು. 2000ದ ನಂತರ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಅದರ ಎರಡೂ ಬದಿಗೆ ಟೆಕ್ ಪಾರ್ಕ್‌ಗಳು ಎದ್ದವು. ಲಕ್ಷಗಟ್ಟಲೆ ಜನ ಅಲ್ಲಿಗೆ ಕೆಲಸಕ್ಕೆ ಹೊರಟರು. ಆದರೆ 2014ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮ್ಮ ಮೆಟ್ರೋ ಎರಡನೇ ಹಂತದಲ್ಲಿ ಈ ದಾರಿ ಇರಲೇ ಇಲ್ಲ. ಈ ದಾರಿಯ ಮೆಟ್ರೋಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ.

ಇಷ್ಟು ತಡ ಯಾಕೆ? ಯೋಜನೆ ಮಾಡುವವರ ಲೆಕ್ಕ ಹೇಗಿರುತ್ತದೆ ಎಂದು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಊರನ್ನು ನೂರಾರು ವಲಯಗಳಾಗಿ ಒಡೆಯುತ್ತಾರೆ. ಆಮೇಲೆ ನಾಲ್ಕು ಪ್ರಶ್ನೆ. ಪ್ರತಿ ವಲಯದಿಂದ ದಿನಕ್ಕೆ ಎಷ್ಟು ಜನ ಹೊರಡುತ್ತಾರೆ? ಎಲ್ಲಿಗೆ ಹೋಗುತ್ತಾರೆ? ಬಸ್ಸಿನಲ್ಲೋ, ಬೈಕಿನಲ್ಲೋ, ರೈಲಿನಲ್ಲೋ? ಯಾವ ದಾರಿ ಹಿಡಿಯುತ್ತಾರೆ? 1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೋ ನಗರಗಳ ಅಧ್ಯಯನಗಳಲ್ಲಿ ಬೆಳೆದ ಈ ವಿಧಾನವೇ ಇಂದಿಗೂ ಜಗತ್ತಿನ ಎಷ್ಟೋ ಊರುಗಳಲ್ಲಿ ನಡೆಯುತ್ತಿದೆ.

ಎರಡನೇ ಪ್ರಶ್ನೆಗೆ ಉತ್ತರ ಕೊಡುವ ಸೂತ್ರ ನ್ಯೂಟನ್ನನ ಗುರುತ್ವದ ನಿಯಮವನ್ನು ಹೋಲುತ್ತದೆ. ಒಂದು ವಲಯದಲ್ಲಿ ಕೆಲಸ ಜಾಸ್ತಿ ಇದ್ದಷ್ಟೂ ಅದರ ಸೆಳೆತ ಜಾಸ್ತಿ. ತಲುಪಲು ಹೊತ್ತು ಹಿಡಿದಷ್ಟೂ ಸೆಳೆತ ಕಡಿಮೆ. ಇಲ್ಲಿ ಮುಖ್ಯವಾಗುವುದು ಕಿಲೋಮೀಟರಿಗಿಂತ ಹೆಚ್ಚಾಗಿ ನಿಮಿಷ.

ತೊಡಕು ಇರುವುದೇ ಇಲ್ಲಿ. ಮೂವತ್ತು ವರ್ಷದ ನಂತರ ಮನೆಗಳು ಎಲ್ಲಿರುತ್ತವೆ, ಕೆಲಸ ಎಲ್ಲಿರುತ್ತದೆ ಎಂದು ಈ ಲೆಕ್ಕಕ್ಕೆ ಮೊದಲೇ ಹೇಳಬೇಕು. ಆದರೆ ರೈಲು ಬಂದರೆ ಪ್ರಯಾಣದ ಹೊತ್ತು ಕಡಿಮೆಯಾಗುತ್ತದೆ, ಸೆಳೆತ ಹೆಚ್ಚುತ್ತದೆ, ಬಿಲ್ಡರ್‌ಗಳು ಅಲ್ಲಿಗೆ ಬರುತ್ತಾರೆ. ನಕ್ಷೆಯಲ್ಲಿ ಗೆರೆ ಎಳೆದ ಕೂಡಲೇ ಮೊದಲು ಕೊಟ್ಟ ಅಂಕಿಗಳು ಹಳತಾಗುತ್ತವೆ. ಹಾಗಾಗಿ ದೂರದ ಯೋಜನೆಯನ್ನು ಬರೀ ಭವಿಷ್ಯ ಹೇಳುವ ಕೆಲಸ ಅಂದುಕೊಳ್ಳಬಾರದು. ಊರು ಯಾವ ಕಡೆ ಬೆಳೆಯಬೇಕು ಎಂಬ ತೀರ್ಮಾನವೂ ಅದರೊಳಗೇ ಇದೆ.

ಬ್ರೆಜಿಲ್‌ನ ಕುರಿಟಿಬಾ ಆ ತೀರ್ಮಾನವನ್ನು ಬೇಗ ಮಾಡಿತು. 1966ರ ನಗರ ಯೋಜನೆಯಲ್ಲಿ ಊರು ಕೆಲವು ಉದ್ದನೆಯ ದಾರಿಗಳ ಗುಂಟ ಬೆಳೆಯಲಿ ಎಂದು ಗೊತ್ತುಮಾಡಿದರು. ಎತ್ತರದ ಕಟ್ಟಡಗಳಿಗೆ ಆ ದಾರಿಗಳ ಅಕ್ಕಪಕ್ಕ ಜಾಗ ಕೊಟ್ಟರು, ದೂರ ಹೋದಂತೆ ಎತ್ತರ ಇಳಿಸಿದರು. ಅದೇ ದಾರಿಗಳ ನಡುವೆ ಬಸ್ಸಿಗೇ ಬೇರೆ ಪಥ. ಮೊದಲ ಎಕ್ಸ್‌ಪ್ರೆಸ್ ಬಸ್ಸುಗಳು 1974ರಲ್ಲಿ ಓಡಿದವು. ಮೆಟ್ರೋಗೆ ಬೇಕಾದಷ್ಟು ಹಣ ಅವರ ಬಳಿ ಇರಲಿಲ್ಲ. ಆದರೂ ಕಟ್ಟಡದ ನಿಯಮ ಮತ್ತು ಬಸ್ಸಿನ ದಾರಿ ಎರಡನ್ನೂ ಒಟ್ಟಿಗೆ ಬರೆದರಲ್ಲ, ನನ್ನ ಪ್ರಕಾರ ಅದೇ ದೊಡ್ಡ ಸಾಧನೆ. ಮುಂದೆ ಅಲ್ಲೂ ಕಾರು ಹೆಚ್ಚಿ ಬಸ್ಸಿನ ಜನ ಕಡಿಮೆಯಾದರು ಎಂಬುದೂ ನಿಜ. ಒಮ್ಮೆ ಮಾಡಿದ ಯೋಜನೆ ತಾನಾಗಿಯೇ ಉಳಿಯುವುದಿಲ್ಲ.

ಹಳಿ ಹಾಕಿದರೆ ಕೆಲಸ ಮುಗಿಯಿತು ಅನ್ನುವಂತೆಯೂ ಇಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಸಮಯ ನೋಡದೆ ಸುಮ್ನೆ ಬಂದು ನಿಂತವರು ಸರಾಸರಿ ಅದರ ಅರ್ಧ, ಅಂದರೆ ಹನ್ನೆರಡೂವರೆ ನಿಮಿಷ ಕಾಯಬೇಕು. ಐದು ನಿಮಿಷಕ್ಕೊಂದು ಓಡಿದರೆ ಎರಡೂವರೆ ನಿಮಿಷ ಸಾಕು. ಹಳಿ ಅದೇ, ನಿಲ್ದಾಣ ಅದೇ, ಆದರೆ ಉಳಿಯುವುದು ಹತ್ತು ನಿಮಿಷ! ಬೋಗಿಗಳಿಗೆ ಯಾವಾಗ ಆರ್ಡರ್ ಕೊಡಬೇಕು ಎಂಬುದೂ ದೂರದ ಯೋಜನೆಯ ಭಾಗವೇ ಅಲ್ವಾ?

ಬಸ್ಸು ಬಿಎಂಟಿಸಿಯದು, ಮೆಟ್ರೋ ಬಿಎಂಆರ್‌ಸಿಎಲ್‌ನದು, 148 ಕಿಲೋಮೀಟರಿನ ಉಪನಗರ ರೈಲು ಕೆ-ರೈಡ್‌ನದು. ಇವೆಲ್ಲಕ್ಕೂ ಒಂದೇ ಯೋಜನೆ ಇರಲಿ ಎಂದು 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಅದಕ್ಕೆ ನಿಜವಾದ ಬಲ ಬರಲಿ ಎಂಬುದು ನನ್ನ ಆಸೆ.

ಸರ್ಜಾಪುರದಿಂದ ಹೆಬ್ಬಾಳಕ್ಕೆ ಹೋಗುವ ಮೆಟ್ರೋ ಕೆಂಪು ಮಾರ್ಗದ ಪ್ರಸ್ತಾವ ಈಗ ಮುಂದಿದೆ. ಸರ್ಜಾಪುರ ರಸ್ತೆಯ ಬದಿಯಲ್ಲಿ ಅಪಾರ್ಟ್‌ಮೆಂಟ್‌ಗಳು ಆಗಲೇ ಸಾಲುಗಟ್ಟಿವೆ. ನಿಲ್ದಾಣಕ್ಕೆ ನಡೆದು ಹೋಗಲು ಫುಟ್‌ಪಾತ್, ಜನರನ್ನು ನಿಲ್ದಾಣಕ್ಕೆ ತಂದುಬಿಡುವ ಫೀಡರ್ ಬಸ್ ತಿರುಗಲು ಜಾಗ, ಒಳರಸ್ತೆಗಳಿಂದ ನೇರ ದಾರಿ, ಇವನ್ನೆಲ್ಲ ಈಗಲೇ ನಕ್ಷೆಯಲ್ಲಿ ಗುರುತಿಸಿ ಕಾಯ್ದಿಡಬೇಕು. ಇನ್ನಷ್ಟು ಕಾಂಪೌಂಡ್ ಗೋಡೆಗಳು ಎದ್ದ ಮೇಲೆ ಅದೇ ಜಾಗಕ್ಕೆ ಹಲವು ಪಟ್ಟು ಪರಿಹಾರ ಕೊಡಬೇಕಾಗುತ್ತದೆ, ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ.