ಅಗ್ಗದ ಚಾರ್ಜರ್‌ನಿಂದ ಲ್ಯಾಪ್‌ಟಾಪ್ ಸುಟ್ಟರೆ ಪರಿಹಾರ ಯಾರಿಂದ? (ಅಧ್ಯಯನ ಟಿಪ್ಪಣಿ)

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಆರನೇ ಅಧ್ಯಾಯವನ್ನು, ಅಂದರೆ ಉತ್ಪನ್ನ ಹೊಣೆಗಾರಿಕೆಯ (ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕರು, ಮಾರಾಟಗಾರರು ಮುಂತಾದವರು ಹೊರುವ ಹೊಣೆಯ) 82ರಿಂದ 87ರವರೆಗಿನ ಕಲಂಗಳನ್ನು, ಬಾಯಿಪಾಠ ಮಾಡಿದವರೂ ಒಂದು ಸಮಸ್ಯೆ ಎದುರಾದಾಗ ತಡವರಿಸುತ್ತಾರೆ. ಆದ್ದರಿಂದ ಒಂದು ಕಲ್ಪಿತ ಪ್ರಕರಣವನ್ನೇ ಹಿಡಿದುಕೊಂಡು ಓದೋಣ.

ತುಮಕೂರಿನ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪ್ ಚಾರ್ಜರ್ ಕೆಟ್ಟಿತು. ಕಂಪನಿಯ ಚಾರ್ಜರ್ ದುಬಾರಿ ಎಂದು ಅವಳು ಊರಿನ ಅಂಗಡಿಗೆ ಲ್ಯಾಪ್‌ಟಾಪನ್ನೇ ಒಯ್ದು ತೋರಿಸಿದಳು. ಅಂಗಡಿಯವರು ಹೆಸರಿಲ್ಲದ ಒಂದು ಚಾರ್ಜರ್ ತೆಗೆದುಕೊಟ್ಟು, “ನಿಮ್ಮ ಮಾಡೆಲ್‌ಗೆ ಇದೇ ಸರಿ, ಆರು ತಿಂಗಳು ಗ್ಯಾರಂಟಿ” ಎಂದು 650 ರೂಪಾಯಿ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಪಿನ್ ಬಳಿ ಸುಟ್ಟ ವಾಸನೆ ಬಂದು ಲ್ಯಾಪ್‌ಟಾಪ್ ಸ್ತಬ್ಧವಾಯಿತು. ಮದರ್‌ಬೋರ್ಡ್ ಬದಲಿಸಲು 14,500 ರೂಪಾಯಿ ಬೇಕೆಂದು ಸರ್ವಿಸ್ ಸೆಂಟರ್ ಹೇಳಿತು. ಅಂಗಡಿಯವರ ಉತ್ತರ: “ಬೇಕಾದರೆ 650 ವಾಪಸ್ ಕೊಡುತ್ತೇನೆ. ಲ್ಯಾಪ್‌ಟಾಪ್‌ಗೂ ನನಗೂ ಸಂಬಂಧವಿಲ್ಲ.”

ಸಂಬಂಧವಿದೆ. ಅದು ಹೇಗೆ ಎಂಬುದು ಕಲಂ 2(22)ರಲ್ಲಿ ಇದೆ. ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೇ. ಉತ್ಪನ್ನ ಹೊಣೆಗಾರಿಕೆಯ ಮಟ್ಟಿಗೆ “ಹಾನಿ” ಎಂದರೆ ದೋಷಯುಕ್ತ ಉತ್ಪನ್ನವನ್ನು ಬಿಟ್ಟು ಬೇರೆ ಸ್ವತ್ತಿಗೆ ಆದ ನಷ್ಟ, ದೇಹಕ್ಕಾದ ಗಾಯ ಅಥವಾ ಸಾವು, ಅವುಗಳ ಜೊತೆಗೆ ಬರುವ ಮಾನಸಿಕ ಯಾತನೆ ಮುಂತಾದವು. ಆ ಉತ್ಪನ್ನಕ್ಕೇ ಆದ ಹಾನಿಯನ್ನೂ ವಾಣಿಜ್ಯ ಅಥವಾ ಆರ್ಥಿಕ ನಷ್ಟವನ್ನೂ ಈ ವ್ಯಾಖ್ಯೆ ಸ್ಪಷ್ಟವಾಗಿ ಹೊರಗಿಡುತ್ತದೆ. ಲ್ಯಾಪ್‌ಟಾಪ್ ತನ್ನದೇ ದೋಷದಿಂದ ಸುಟ್ಟಿದ್ದರೆ ಅದರ ನಷ್ಟವನ್ನು ಆರನೇ ಅಧ್ಯಾಯದಡಿ ಕೇಳಲು ಬರುವುದಿಲ್ಲ. ಇಲ್ಲಿ ದೋಷವಿರುವುದು ಚಾರ್ಜರ್‌ನಲ್ಲಿ, ಲ್ಯಾಪ್‌ಟಾಪ್ “ಬೇರೆ ಸ್ವತ್ತು”. ಆದ್ದರಿಂದ 14,500 ರೂಪಾಯಿಯನ್ನು ಉತ್ಪನ್ನ ಹೊಣೆಗಾರಿಕೆಯಡಿ ಕೇಳಬಹುದು. 650 ರೂಪಾಯಿಯನ್ನು ದೋಷಯುಕ್ತ ಸರಕಿನ ಬೆಲೆಯಾಗಿ, ಸಾಮಾನ್ಯ ದೂರಿನ ಅಂಗವಾಗಿ ಕೇಳಬೇಕು. ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಬಹುದು, ಆದರೆ ಕೋರಿಕೆಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಪರೀಕ್ಷೆಯ ಉತ್ತರಗಳಲ್ಲಿ ಇವೆರಡನ್ನೂ ಕಲಸಿಬಿಡುವುದು ಸಾಮಾನ್ಯ. ಬಿಡಿಭಾಗದ ಬೆಲೆಗಿಂತ ಹೆಚ್ಚಿನ ಪರಿಹಾರ ಕೊಡಬಾರದು ಎಂಬ ಮಿತಿಯೂ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಹೊಣೆ ಯಾರದು? ತಯಾರಕರ ಹೊಣೆ ಕಲಂ 84ರಲ್ಲಿದೆ. ತಯಾರಿಕೆ ಅಥವಾ ವಿನ್ಯಾಸದಲ್ಲಿ ದೋಷವಿದ್ದರೆ, ಬಳಕೆಯ ಸೂಚನೆ ಮತ್ತು ಎಚ್ಚರಿಕೆ ಸಾಕಷ್ಟಿಲ್ಲದಿದ್ದರೆ ಅವರು ಹೊಣೆಗಾರರು. ಆದರೆ ಹೆಸರಿಲ್ಲದ ಚಾರ್ಜರ್‌ಗೆ ತಯಾರಕರನ್ನು ಎಲ್ಲಿಂದ ಹುಡುಕಿ ತರುವುದು? ಗ್ರಾಹಕರು ಕೈಚೆಲ್ಲುವುದು ಇಲ್ಲಿಯೇ. ಕಾಯ್ದೆ ಕೈಚೆಲ್ಲಿಲ್ಲ. ತಯಾರಕರ ಗುರುತು ತಿಳಿಯದಿದ್ದರೆ, ತಿಳಿದರೂ ಅವರಿಗೆ ನೋಟಿಸ್ ತಲುಪಿಸಲಾಗದಿದ್ದರೆ ಅಥವಾ ಅವರು ಭಾರತದ ಕಾನೂನಿಗೆ ಒಳಪಡದಿದ್ದರೆ ಮಾರಾಟಗಾರರೇ ಹೊಣೆ ಎಂದು ಕಲಂ 86 ಹೇಳುತ್ತದೆ. ಹೆಸರು, ವಿಳಾಸ ಏನೂ ಇಲ್ಲದ ಸರಕನ್ನು ಮಾರಿ, “ನಾನು ತಯಾರಿಸಿದ್ದಲ್ಲ” ಎಂದು ಜಾರಿಕೊಳ್ಳುವ ದಾರಿಯನ್ನು ಈ ಒಂದು ಮಾತು ಮುಚ್ಚಿದೆ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ಅತ್ಯಂತ ನ್ಯಾಯವಾದ ವಾಕ್ಯ ಇದು. ಜೊತೆಗೆ ಅಂಗಡಿಯವರು ತಾವಾಗಿಯೇ ಗ್ಯಾರಂಟಿ ಕೊಟ್ಟಿದ್ದಾರೆ. ತಯಾರಕರಿಂದ ಸ್ವತಂತ್ರವಾಗಿ ಕೊಟ್ಟ ಭರವಸೆ ಹುಸಿಯಾಗಿ, ಅದರಿಂದ ಹಾನಿಯಾದರೂ ಅದೇ ಕಲಂ ಅನ್ವಯಿಸುತ್ತದೆ. ಬಿಡಿಭಾಗವನ್ನು ಅಳವಡಿಸಿ ಕೊಟ್ಟ ರಿಪೇರಿಯವರಾಗಿದ್ದರೆ ಕಲಂ 85ನ್ನೂ ನೋಡಿ.

ಲ್ಯಾಪ್‌ಟಾಪ್ ಕಂಪನಿಯನ್ನು ಸುಮ್ಮನೆ ಎದುರುದಾರರನ್ನಾಗಿ ಮಾಡಬೇಡಿ. ಬೇರೆಯವರ ಬಿಡಿಭಾಗದಿಂದಾದ ನಷ್ಟಕ್ಕೆ ಅವರ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಇನ್ನು ರುಜುವಾತು. ಗೆಲ್ಲಬೇಕಾದ ದೂರುಗಳು ಸೋಲುವುದು ಕಾನೂನಿನಲ್ಲಲ್ಲ, ಇಲ್ಲಿ. ಚಾರ್ಜರ್ ಹಾಕಿದೆ, ಆಮೇಲೆ ಲ್ಯಾಪ್‌ಟಾಪ್ ಕೆಟ್ಟಿತು ಎಂದರೆ ಸಾಲದು. ಚಾರ್ಜರ್‌ನಿಂದಲೇ ಕೆಟ್ಟಿತು ಎಂದು ತೋರಿಸಬೇಕು. ಲ್ಯಾಪ್‌ಟಾಪ್ ತಳದ ಪಟ್ಟಿಯಲ್ಲಿ ಅದಕ್ಕೆ ಬೇಕಾದ ವೋಲ್ಟೇಜ್ ಮತ್ತು ಆಂಪಿಯರ್ ಅಚ್ಚಾಗಿರುತ್ತದೆ, ಉದಾಹರಣೆಗೆ 19.5 ವೋಲ್ಟ್, 3.34 ಆಂಪಿಯರ್. ಚಾರ್ಜರ್‌ನ ಪಟ್ಟಿಯ ಫೋಟೋವನ್ನು ಅದರ ಪಕ್ಕದಲ್ಲಿಡಿ. ಚಾರ್ಜರ್‌ನ ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದರೆ ವೋಲ್ಟೇಜ್ ಹೆಚ್ಚಾದರೆ ಬೋರ್ಡಿನ ಚಾರ್ಜಿಂಗ್ ಭಾಗ ಸುಡಬಹುದು. ಪಟ್ಟಿಯಲ್ಲಿ 19.5 ಎಂದಿದ್ದು, ಮಲ್ಟಿಮೀಟರ್ ಅದಕ್ಕಿಂತ ಬಹಳ ಹೆಚ್ಚು ತೋರಿಸಿದರೆ ದೋಷ ಕಣ್ಣೆದುರೇ ಇದೆ. ಸರ್ವಿಸ್ ಸೆಂಟರ್‌ನಿಂದ ಬರೀ ಎಸ್ಟಿಮೇಟ್ ತರಬೇಡಿ. ಯಾವ ಭಾಗ ಸುಟ್ಟಿದೆ, ಅದಕ್ಕೆ ಹೊರಗಿನಿಂದ ಬಂದ ವಿದ್ಯುತ್ ಕಾರಣವೇ ಎಂಬುದನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಹಳೆಯ ಬೋರ್ಡನ್ನು ಬಿಟ್ಟುಬರಬೇಡಿ. 650 ರೂಪಾಯಿ ವಾಪಸ್ ಕೊಡುವ ನೆಪದಲ್ಲಿ ಅಂಗಡಿಯವರು ಚಾರ್ಜರ್ ಕೇಳಿದರೆ ಕೊಡಲೇಬೇಡಿ, ನಿಮ್ಮ ಮುಖ್ಯ ಸಾಕ್ಷ್ಯ ಅದೇ. ತಜ್ಞರ ಪರೀಕ್ಷೆ ಬೇಕಾದರೆ ಕಲಂ 38ರಡಿ ದೂರು ಕೇಳುವ ಜಿಲ್ಲಾ ಗ್ರಾಹಕರ ಆಯೋಗವೇ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದರ ಶುಲ್ಕವನ್ನು ದೂರುದಾರರು ಕಟ್ಟಬೇಕಾಗುತ್ತದೆ.

ಲ್ಯಾಪ್‌ಟಾಪ್ ಅಡಾಪ್ಟರ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. 2012ರ ಆದೇಶದಿಂದ ಬಂದ ನಿಯಮವಿದು. ಪಟ್ಟಿಯ ಮೇಲೆ ಬ್ಯೂರೋದ ಗುರುತೂ “ಆರ್” ಅಕ್ಷರದಿಂದ ಆರಂಭವಾಗುವ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಂಖ್ಯೆ ಇಲ್ಲದಿದ್ದರೆ ಅಥವಾ ಬೇರೆ ಕಂಪನಿಯದಾಗಿದ್ದರೆ ವಾದಕ್ಕೆ ಒಳ್ಳೆಯ ಬಲ. ಆದರೆ ಹಾನಿಗೆ ಕಾರಣ ಚಾರ್ಜರ್ ಎಂಬುದನ್ನು ಇದೊಂದೇ ಸಾಬೀತು ಮಾಡುವುದಿಲ್ಲ.

ಬಿಲ್ ಕೊಟ್ಟಿಲ್ಲವೇ? ಬಿಲ್ ಕೊಡದಿರುವುದೇ ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಯುಪಿಐ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ ಕೆಲಸಕ್ಕೆ ಬರುತ್ತವೆ. “ಮಾರಿದ ಮಾಲು ವಾಪಸ್ ಇಲ್ಲ” ಎಂಬ ಫಲಕಕ್ಕೂ ಹೆದರಬೇಕಿಲ್ಲ. ಬಿಲ್‌ನಲ್ಲಿ ಅವಧಿ ಹೇಳದಿದ್ದರೆ ದೋಷಯುಕ್ತ ಸರಕನ್ನು 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು ಅದೇ ಕಲಂನಡಿ ತಪ್ಪು.

ಎದುರುದಾರರು ಎತ್ತುವ ಮುಖ್ಯ ಆಕ್ಷೇಪ ಕಲಂ 87ರದ್ದು: ಹಾನಿಯಾದ ಹೊತ್ತಿನಲ್ಲಿ ಉತ್ಪನ್ನವನ್ನು ತಪ್ಪಾಗಿ ಬಳಸಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರರ ಮೇಲೆ ದಾವೆ ನಿಲ್ಲದು. ವಿದ್ಯಾರ್ಥಿನಿ ಬೇರೆ ಮಾಡೆಲ್‌ನ ಚಾರ್ಜರನ್ನು ತಾನೇ ಆರಿಸಿ ತಂದಿದ್ದರೆ ಈ ಆಕ್ಷೇಪಕ್ಕೆ ತೂಕವಿತ್ತು. ಲ್ಯಾಪ್‌ಟಾಪ್ ನೋಡಿ ಆರಿಸಿದವರು ಅಂಗಡಿಯವರು. ದೂರಿನಲ್ಲಿ ಈ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಬರೆಯಬೇಕು.

ಎಷ್ಟು ಕೇಳಬೇಕು? ಮೂರು ವರ್ಷ ಹಳೆಯ ಯಂತ್ರಕ್ಕೆ ಹೊಸ ಲ್ಯಾಪ್‌ಟಾಪ್‌ನ ಬೆಲೆ ಕೇಳಿದರೆ ಇಡೀ ದೂರಿನ ಮೇಲಿನ ನಂಬಿಕೆ ಕುಸಿಯುತ್ತದೆ. ದುರಸ್ತಿ ವೆಚ್ಚ, ಚಾರ್ಜರ್ ಬೆಲೆ, ಮಾನಸಿಕ ಯಾತನೆಗೆ ಮಿತವಾದ ಮೊತ್ತ ಮತ್ತು ದೂರಿನ ಖರ್ಚು ಸಾಕು. ಕೈತಪ್ಪಿದ ಕೆಲಸದ ಆದಾಯವನ್ನು ಆರನೇ ಅಧ್ಯಾಯದಡಿ ಕೇಳಲಾಗದು. ಎದುರುದಾರರ ನಿರ್ಲಕ್ಷ್ಯದಿಂದಾದ ನಷ್ಟವೆಂದು ಕಲಂ 39(1)ರ ಬೇರೆ ಉಪಖಂಡದಡಿ ವಾದಿಸಬೇಕು, ಅದಕ್ಕೆ ಗಟ್ಟಿ ದಾಖಲೆ ಬೇಕು.

ದೂರು ಸಲ್ಲಿಸುವುದು ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ವ್ಯಾಪ್ತಿಯನ್ನು ನಿರ್ಧರಿಸುವುದು ಕೇಳುವ ಪರಿಹಾರವಲ್ಲ, ಕೊಟ್ಟ ಬೆಲೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಆದ್ದರಿಂದ ಹೊರ ಊರಿನ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಕೊಂಡವರಿಗೂ ದೂರದ ಓಡಾಟವಿಲ್ಲ. ಕಾಲಮಿತಿ ಎರಡು ವರ್ಷ. ವಕೀಲರು ಕಡ್ಡಾಯವಲ್ಲ. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ, ಒಂದು ನೋಟಿಸ್ ಕಳುಹಿಸಿ ನೋಡಿ. ಎಷ್ಟೋ ಅಂಗಡಿಗಳು ಅಷ್ಟಕ್ಕೇ ಮಾತುಕತೆಗೆ ಬರುತ್ತವೆ.

ಆದೇಶ ಬಂದ ಮೇಲೆ ಮೇಲ್ಮನವಿಗೆ 45 ದಿನಗಳಿವೆ. ಮೇಲ್ಮನವಿಯನ್ನೂ ಸಲ್ಲಿಸದೆ ಹಣವನ್ನೂ ಕೊಡದೆ ಕೂತರೆ ಕಲಂ 72 ಇದೆ: ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಯಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.