ಬಟಾಣಿ ಗಿಡದಿಂದ ಪುರಾಣದ ಪವಾಡದವರೆಗೆ: ಫಾಲ್ಕೆ ಕಟ್ಟಿದ ಕಾಲದ ಆಟ

ಹರಿಶ್ಚಂದ್ರ, ರಾಮ, ಕೃಷ್ಣರನ್ನು ಪರದೆಗೆ ತರುವ ಮುಂಚೆ ಭಾರತೀಯ ಸಿನಿಮಾದ ಪಿತಾಮಹ ದಾದಾಸಾಹೇಬ್ ಫಾಲ್ಕೆ ತೆಗೆದದ್ದು ಒಂದು ಬಟಾಣಿ ಗಿಡದ ಸಿನಿಮಾ. 1912ರ ಮಾತು. ದುಡ್ಡು ಹಾಕುವವರಿಗೆ ನಂಬಿಕೆ ಬರಬೇಕಿತ್ತು. ಕುಂಡದಲ್ಲಿ ಕಾಳು ಹಾಕಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ತಿಂಗಳಿಗೂ ಜಾಸ್ತಿ ಕಾಲ ಸ್ವಲ್ಪಸ್ವಲ್ಪವೇ ಚಿತ್ರ ತೆಗೆದರು. ಪರದೆಯ ಮೇಲೆ ಅದು ಸುಮಾರು ಒಂದು ನಿಮಿಷ. ಅಷ್ಟರಲ್ಲೇ ಕಾಳು ಮೊಳೆತು, ಗಿಡವಾಗಿ ಹಬ್ಬಿತು. ಸಾಲ ಹುಟ್ಟಿತು.

ಅವರ ಮುಂದಿನ ಎಲ್ಲ ಪವಾಡಗಳ ಗುಟ್ಟೂ ಆ ಒಂದು ನಿಮಿಷದಲ್ಲೇ ಇದೆ ಅಂತ ನನಗನಿಸುತ್ತದೆ. ಫಿಲ್ಮಿನ ಮೇಲೆ ಚಲನೆ ಇರುವುದಿಲ್ಲ, ಬಿಡಿ ಚಿತ್ರಗಳಿರುತ್ತವೆ. ಸೆಕೆಂಡಿಗೆ 16ರ ಆಸುಪಾಸು ಚಿತ್ರಗಳು ಕಣ್ಣೆದುರು ಹಾದರೆ ಮೆದುಳು ಅವನ್ನು ಜೋಡಿಸಿಕೊಂಡು ಚಲನೆ ಅಂದುಕೊಳ್ಳುತ್ತದೆ. ತೆಗೆಯುವ ವೇಗ ಬೇರೆ, ತೋರಿಸುವ ವೇಗ ಬೇರೆ ಆದರೆ ಕಾಲವೇ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ.

ಇದನ್ನು ಮಾಡಿ ನೋಡಲು ಕಲಬುರಗಿಯವರಿಗೆ ಬಟಾಣಿ ಬೇಕಿಲ್ಲ, ತೊಗರಿ ಸಾಕು. ಬೇಳೆಯಲ್ಲ, ಇಡೀ ಕಾಳು. ಗಾಜಿನ ಲೋಟಕ್ಕೆ ಹಸಿ ಕರಿಮಣ್ಣು ತುಂಬಿ, ಗಾಜಿಗೆ ತಾಗುವ ಹಾಗೆ ಎರಡು ಕಾಳು ಊರಿ. ಫೋನನ್ನು ಅಲುಗಾಡದಂತೆ ನಿಲ್ಲಿಸಿ, 10 ನಿಮಿಷಕ್ಕೊಂದು ಫೋಟೋ ತೆಗೆಯಿರಿ. ದಿನಕ್ಕೆ 144 ಆಗುತ್ತವೆ. ಸೆಕೆಂಡಿಗೆ 24ರಂತೆ ಓಡಿಸಿದರೆ ಒಂದು ವಾರ 42 ಸೆಕೆಂಡಿನಲ್ಲಿ ಮುಗಿಯುತ್ತದೆ. ಮೊದಲು ಬೇರು ಕೆಳಗಿಳಿಯುತ್ತದೆ. ಆಮೇಲೆ ಕುಡಿ ಕೊಕ್ಕೆಯ ಹಾಗೆ ತಲೆ ಬಗ್ಗಿಸಿಕೊಂಡು ಮೇಲೇರುತ್ತದೆ. ಬಾಗಿದ ಬೆನ್ನು ಮಣ್ಣನ್ನು ತಳ್ಳುವುದರಿಂದ ತುದಿಯ ಎಳೆ ಎಲೆಗೆ ಪೆಟ್ಟಾಗುವುದಿಲ್ಲ. ಬೆಳಕು ಬಿದ್ದ ಮೇಲೆ ಅದು ನೆಟ್ಟಗಾಗುತ್ತದೆ. ನಾವು ಸಾರು ಮಾಡುವ ಆ ಎರಡು ಬೇಳೆಗಳು ಮಣ್ಣಿನೊಳಗೇ ಉಳಿದು ಸಸಿಗೆ ಆಹಾರ ಕೊಡುತ್ತವೆ. ಬಟಾಣಿಯಲ್ಲೂ ಹೀಗೆಯೇ. ದಿನಾ ಹೊಲಕ್ಕೆ ಹೋಗುವವರ ಕಣ್ಣಿಗೂ ಈ ಚಲನೆ ಸಿಗುವುದಿಲ್ಲ.

ಫಾಲ್ಕೆ ಹುಟ್ಟಿದ್ದು 1870ರಲ್ಲಿ, ನಾಸಿಕದ ಹತ್ತಿರದ ತ್ರ್ಯಂಬಕದಲ್ಲಿ. ಚಿತ್ರಕಲೆ ಕಲಿತರು, ಫೋಟೋ ಸ್ಟುಡಿಯೋ ಇಟ್ಟರು, ರವಿವರ್ಮರ ದೇವರ ಚಿತ್ರಗಳನ್ನು ಅಚ್ಚು ಹಾಕುವ ಕೆಲಸದಲ್ಲೂ ಇದ್ದರು. ಬೊಂಬಾಯಿಯಲ್ಲಿ ಕ್ರಿಸ್ತನ ಜೀವನದ ಸಿನಿಮಾ ನೋಡಿದಾಗ, ನಮ್ಮ ಕೃಷ್ಣನೂ ಹೀಗೆ ನಡೆದಾಡಬೇಕು ಅಂತ ಹಟ ಹಿಡಿಯಿತು. ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು, ಜೊತೆಗೆ ಫಿಲ್ಮಿಗೆ ತೂತು ಹಾಕುವ ಯಂತ್ರವನ್ನೂ.

ಈ ತೂತಿನ ವಿಷಯ ಹೇಳಲೇಬೇಕು. ಆಗ ಕಚ್ಚಾ ಫಿಲ್ಮ್ ಅಂಚಿನ ತೂತಿಲ್ಲದೆ ಬರುತ್ತಿತ್ತು. ತೂತಿಲ್ಲದಿದ್ದರೆ ಕ್ಯಾಮೆರಾದ ಹಲ್ಲುಗಳು ಅದನ್ನು ಎಳೆಯುವುದೇ ಇಲ್ಲ. 1913ರ ಮೇ 3ರಂದು ತೆರೆಕಂಡ ‘ರಾಜಾ ಹರಿಶ್ಚಂದ್ರ’ದ ಉದ್ದ ಸುಮಾರು 3,700 ಅಡಿ. ಅಡಿಗೆ 16 ಚಿತ್ರ, ಅಂದರೆ ಹತ್ತಿರಹತ್ತಿರ 59,000. ಒಂದೊಂದು ಚಿತ್ರಕ್ಕೆ ಎರಡೂ ಅಂಚು ಸೇರಿ 8 ತೂತು. ಲೆಕ್ಕ ನಾಲ್ಕೂವರೆ ಲಕ್ಷ ದಾಟುತ್ತದೆ! ಅದೂ ಕತ್ತಲಕೋಣೆಯಲ್ಲಿ. ಆ ಕೆಲಸ ಮಾಡಿದವರು ಹೆಂಡತಿ ಸರಸ್ವತಿಬಾಯಿ. ಒಡವೆ ಕೊಟ್ಟವರೂ ಅವರೇ, ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸಿದವರೂ ಅವರೇ. ಫಾಲ್ಕೆ ಹೆಸರಿನ ಪ್ರಶಸ್ತಿ ರಾಜಕುಮಾರ್ ಅವರಿಗೆ ಬಂದದ್ದು ನಮಗೆಲ್ಲ ಗೊತ್ತು. ಈ ತಾಯಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ದೇವರು ಥಟ್ಟನೆ ಪ್ರತ್ಯಕ್ಷ ಆಗಬೇಕೆಂದರೆ ಕ್ಯಾಮೆರಾದ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಬೇಕು. ಉಳಿದವರು ಕಲ್ಲಿನಂತೆ ನಿಂತಿರುವಾಗ ದೇವರ ಪಾತ್ರಧಾರಿ ಬಂದು ನಿಲ್ಲುತ್ತಾನೆ. ಮತ್ತೆ ಹಿಡಿಕೆ ತಿರುಗುತ್ತದೆ. ನಡುವಿನ ಆ ಹೊತ್ತು ಫಿಲ್ಮಿನ ಮೇಲೆ ಇರುವುದೇ ಇಲ್ಲ. ಬಟಾಣಿ ಗಿಡದಲ್ಲಿ ಮಾಡಿದ್ದೂ ಇದೇ ಅಲ್ವಾ?

ನಮ್ಮ ಕಡೆಯ ಹಳ್ಳಿಗಳಲ್ಲಿ ಬಯಲಾಟ ನೋಡಿದವರಿಗೆ ಫಾಲ್ಕೆ ಚಿತ್ರ ಹೊಸದು ಅನಿಸುವುದಿಲ್ಲ. ಅದೇ ಕಿರೀಟ, ಅದೇ ಪುರಾಣ, ಹೆಣ್ಣು ಪಾತ್ರಕ್ಕೆ ಗಂಡಸರು. 1917ರ ‘ಲಂಕಾ ದಹನ’ದಲ್ಲಿ ಸಾಳುಂಕೆ ಎಂಬ ನಟ ರಾಮನೂ ಆಗಿದ್ದರು, ಸೀತೆಯೂ ಆಗಿದ್ದರು. ಪರದೆಯ ಮೇಲೆ ರಾಮ ಬಂದಾಗ ಜನ ಕೈ ಮುಗಿದರಂತೆ. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳುವ ನಮ್ಮಂಥ ಸೀಮೆಗೆ ಮಾತಿಲ್ಲದ ಸಿನಿಮಾ ಎಷ್ಟು ಸಲೀಸು! 1934ರಲ್ಲಿ ಕನ್ನಡದ ಮೊದಲ ಟಾಕಿ, ಅಂದರೆ ಮಾತಿನ ಸಿನಿಮಾ, ‘ಸತಿ ಸುಲೋಚನ’ ಬಂತು. ಅದೂ ರಾಮಾಯಣದ ಕಥೆಯೇ. ಸಿನಿಮಾಕ್ಕೆ ಮಾತು ಬಂದದ್ದೇ ಫಾಲ್ಕೆಗೆ ಮುಳುವಾಯಿತು. 1937ರ ‘ಗಂಗಾವತರಣ’ ಅವರ ಕೊನೆಯ ಚಿತ್ರ. 1944ರಲ್ಲಿ ತೀರಿಕೊಂಡರು.

ಅವರ ಚಿತ್ರಗಳಲ್ಲಿ ಉಳಿದದ್ದು ಕಡಿಮೆ. ಆಗಿನ ಫಿಲ್ಮ್ ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುತ್ತದೆ, ಸೆಕೆ ಜಾಸ್ತಿಯಾದಷ್ಟೂ ಬೇಗ ಕೊಳೆಯುತ್ತದೆ. ಆದರೂ 1919ರ ‘ಕಾಲಿಯ ಮರ್ದನ’ದ ಬಹುಪಾಲು ಉಳಿದಿದೆ. ಶುರುವಿನಲ್ಲಿ ಫಾಲ್ಕೆಯ ಮಗಳು ಮಂದಾಕಿನಿ, ಏಳು ವರ್ಷದ ಹುಡುಗಿ, ಮುಖದಲ್ಲೇ ಒಂದೊಂದು ಭಾವ ತೋರಿಸುತ್ತಾಳೆ. ನೋಡನೋಡುತ್ತಲೇ ಆ ಮುಖ ಕರಗಿ ಕೃಷ್ಣನಾಗುತ್ತದೆ. ಕೃಷ್ಣ ಆಗುವವಳು ಯಾರು ಅಂತ ಮೊದಲೇ ತೋರಿಸಿ, ಆಮೇಲೂ ನಮ್ಮನ್ನು ನಂಬಿಸುತ್ತಾರೆ. ಮಕ್ಕಳಿಗೆ ತೊಗರಿಯ ಪ್ರಯೋಗ ಮಾಡಿಸಿದ ಮೇಲೆ ಇದನ್ನು ತೋರಿಸಿ. ಎಲ್ಲಿ ಕ್ಯಾಮೆರಾ ನಿಂತಿತು ಅಂತ ಅವರೇ ಹುಡುಕಿ ಹೇಳುತ್ತಾರೆ.